ಚಿಕ್ಕಪ್ಪ ಕಟ್ಟಿಸಿದ್ದು ಮನೆಯಲ್ಲ

ನಮ್ಮ ಚಿಕ್ಕಪ್ಪ ರೇವಣಸಿದ್ದಯ್ಯನವರು ಯಾರನ್ನೂ ನಂಬುವವರಲ್ಲ. ಬಸ್ಸಿನಲ್ಲಿ ಕಂಡಕ್ಟರು ಕೊಟ್ಟ ಟಿಕೆಟ್ಟನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಕೊಬ್ಬರಿ ತೂಗುವಾಗ ತಕ್ಕಡಿಯ ಕೆಳಗೆ ಬಗ್ಗಿ ನೋಡುತ್ತಾರೆ. ಒಮ್ಮೆ ಮನೆಗೆ ಬಂದ ಅಯ್ಯನವರು ಒಳ್ಳೆಯದಾಗಲಿ ಎಂದು ಹರಸಿದಾಗ, ಯಾರಿಗೆ ಎಂದು ಕೇಳಿದ್ದರು. ಇಂಥವರು ಜೀವನದಲ್ಲಿ ಒಬ್ಬರನ್ನು ಮಾತ್ರ ಅನುಮಾನವಿಲ್ಲದೆ ನಂಬಿದರು, ಅವರಿಂದಲೇ ಕೆಟ್ಟರು. ಆ ಒಬ್ಬರು ಅವರೇ.

ನಮ್ಮೂರು ತಿಪಟೂರಿಗೂ ತುರುವೇಕೆರೆಗೂ ನಡುವೆ, ಟಾರು ರಸ್ತೆಯಿಂದ ಎರಡು ತೆಂಗಿನ ತೋಟ ಒಳಗಿದೆ. ಈಗ ಒಂದೇ ತೋಟ ಒಳಗಿದೆ ಎನ್ನಬೇಕು. ರಸ್ತೆ ಬದಿಯ ತೋಟವನ್ನು ಸೂರ್ಯಪ್ರಕಾಶ್ ಎಂಬವರು ಕೊಂಡು, ಮರ ಉರುಳಿಸಿ, ನಲವತ್ತು ಸೈಟು ಮಾಡಿ, ಬಣ್ಣದ ಕಲ್ಲು ನೆಟ್ಟರು. ಮನೆಗಳು ಏಳತೊಡಗಿದವು. ಊರಿನ ನೀರಿನ ಟ್ಯಾಂಕು ಮಾತ್ರ ನಾನು ಹುಟ್ಟಿದಾಗಿನದೇ. ದಿನಾ ಬರುತ್ತಿದ್ದ ನೀರು ದಿನ ಬಿಟ್ಟು ದಿನ ಆಯಿತು. ಆಗ ಪಂಚಾಯಿತಿಯವರು ಗ್ರಾಮಸಭೆ ಕರೆದು, ಹೊಸದಾಗಿ ಮನೆ ಕಟ್ಟುವವರಿಂದ ಅಭಿವೃದ್ಧಿ ಶುಲ್ಕ ಅಂತ ತೆಗೆದುಕೊಳ್ಳಬೇಕೋ ಬೇಡವೋ, ಊರಿನವರೇ ಹೇಳಿ ಎಂದರು. ಬಂದ ಶುಲ್ಕದಲ್ಲಿ ಪೈಪು, ಚರಂಡಿ, ಬೀದಿ ದೀಪ ಮಾಡಬಹುದು ಎಂದು ಪಿಡಿಒ ಮೇಡಂ ಗಂಗಲಕ್ಷ್ಮಿಯವರು ವಿವರಿಸಿದರು.

ಸರ್ಕಾರದವರು ಊರನ್ನು ಕೇಳಿ ಮಾಡುತ್ತಾರೆ ಎಂದರೆ ಏನೋ ಇರಬೇಕು ಎಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಿಕ್ಕಪ್ಪ ಎದ್ದು ನಿಂತರು. ಅವರ ಕಣ್ಣು ಮುಂದೆ ಕೂತಿದ್ದ ಸೂರ್ಯಪ್ರಕಾಶ್ ಅವರ ಹೊಳೆಯುವ ಬೂಟಿನ ಮೇಲಿತ್ತು.

"ಒಂದ್ ಮನೆ ಎದ್ರೆ ಒಂದ್ ನಲ್ಲಿ ಬತ್ತದೆ. ನಲ್ಲಿ ಬಂದ್ರೆ ಬಚ್ಚಲ ನೀರು, ಬಚ್ಚಲ ನೀರು ನಿಂತ್ರೆ ಸೊಳ್ಳೆ. ಅವರ್ ಮನೆ ಸೊಳ್ಳೆ ನಮ್ಮನ್ ಯಾಕ್ ಕಚ್ಚಬೇಕು? ಊರ್ ಮೇಲೆ ಭಾರ ಹಾಕ್ದೋನೇ ಭಾರ ಹೊರ್ಲಿ."

ಚಪ್ಪಾಳೆ ಬಿತ್ತು. ಚಿಕ್ಕಪ್ಪನ ಮಾತಿಗೆ ಅದುವರೆಗೆ ನಮ್ಮ ಹಟ್ಟಿಯ ಎಮ್ಮೆಯೂ ತಲೆಯಾಡಿಸಿದ್ದಿಲ್ಲ. ಪಕ್ಕದ ಮನೆಯ ರಾಮಕ್ಕ ಕೈ ಎತ್ತಿ, ನನ್ನಂಥವಳು ತಗಡು ಬಿಚ್ಚಿ ಒಂದು ರೂಮು ಕಟ್ಟಿಕೊಂಡರೂ ಕೊಡಬೇಕಾ ಎಂದು ಕೇಳಿದಳು. ಚಪ್ಪಾಳೆಯ ರುಚಿ ಹತ್ತಿದ್ದ ಚಿಕ್ಕಪ್ಪ, ಕಾನೂನು ಎಂದರೆ ಎಲ್ಲರಿಗೂ ಒಂದೇ ಎಂದು ಅವಳನ್ನು ಕೂರಿಸಿದರು. ಆದರೆ ರೈತನ ಕೊಟ್ಟಿಗೆ, ಕೊಬ್ಬರಿ ಶೆಡ್ಡು ಮುಟ್ಟಬಾರದು ಎಂದು ಅವರೇ ಸೇರಿಸಿದರು. ಅದಕ್ಕೂ ಚಪ್ಪಾಳೆ. ನಡಾವಳಿ ಪುಸ್ತಕದಲ್ಲಿ ಮೊದಲ ಸಹಿ ಚಿಕ್ಕಪ್ಪನದು. ಎಷ್ಟು ಒತ್ತಿ ಹಾಕಿದರೆಂದರೆ ಮುಂದಿನ ಮೂರು ಹಾಳೆಯಲ್ಲೂ ಅವರ ಸಹಿ ಮೂಡಿತ್ತಂತೆ.

ಆ ಹೊತ್ತಿಗೆ ಟ್ಯಾಂಕಿನ ಪಕ್ಕದಲ್ಲಿ ಚಿಕ್ಕಪ್ಪನ ಹೊಸ ಮನೆಗೆ ಮೋಲ್ಡು ಬಿದ್ದು, ಗಾರೆ ಮುಗಿದು, ಬಣ್ಣ ಒಣಗುತ್ತಿತ್ತು. ಆ ಮನೆಗೂ ತಾವು ಆಡಿದ ಮಾತಿಗೂ ಏನಾದರೂ ಸಂಬಂಧವಿರಬಹುದೆಂದು ಅವರಿಗೆ ತೋಚಲೇ ಇಲ್ಲ. ನಾಲ್ಕು ತಲೆಮಾರಿನಿಂದ ಇದೇ ಊರಿನ ನೀರು ಕುಡಿದವರು ಊರಿಗೆ ಭಾರವಾಗುವುದು ಹೇಗೆ?

ಆ ಮನೆಗಾಗಿ ಕಾದವಳು ಚಿಕ್ಕಮ್ಮ ಗಿರಿಜಾಂಬಿಕಾ. ಮದುವೆಯಾಗಿ ಬಂದ ದಿನದಿಂದ ಇಪ್ಪತ್ತೆರಡು ವರ್ಷ ಅವಳು ನಮ್ಮ ಅಜ್ಜಿಯ ಅಡಿಗೆಮನೆಯಲ್ಲಿ, ನಮ್ಮಮ್ಮನ ಜೊತೆ ಅಡಿಗೆ ಮಾಡಿದ್ದಾಳೆ. ಜಗಳವೇನೂ ಇಲ್ಲ. ಆದರೆ ನಮ್ಮ ಮನೆಯಲ್ಲಿ ಉಪ್ಪಿನ ಡಬ್ಬಿಯನ್ನು ಅಜ್ಜಿ ಒಂದು ಕಡೆ ಇಡುತ್ತಾರೆ, ಅಮ್ಮ ಇನ್ನೊಂದು ಕಡೆ, ನಾನು ಮತ್ತೊಂದು ಕಡೆ. ಕಾಯಿ ಸುಲಿಯುತ್ತಾ ಕೂತಾಗ ಒಂದು ಸಲ ಚಿಕ್ಕಮ್ಮ ನನಗೆ ಹೇಳಿದ್ದಳು: "ಇಟ್ ಜಾಗದಲ್ಲೇ ಉಪ್ಪು ಸಿಗೋ ಅಂಥ ಒಂದ್ ಅಡಿಗೆಮನೆ ಬೇಕು ಕಣ್ ಮಗಾ. ಬ್ಯಾರೆ ಏನೂ ಬ್ಯಾಡ." ಶ್ರಾವಣದ ಮೂರನೆಯ ಸೋಮವಾರ ಗೃಹಪ್ರವೇಶವೆಂದು ಗೊತ್ತಾಗಿತ್ತು. ಮುಂದೆ ಕಾರ್ಡಿನ ರೇಟು ಏರಬಹುದೆಂಬ ಅನುಮಾನದಿಂದ ಚಿಕ್ಕಪ್ಪ ಮೂರು ತಿಂಗಳ ಮೊದಲೇ ಕಾರ್ಡು ಹೊಡೆಸಿ ಹಂಚಿಯೂ ಆಗಿತ್ತು.

ಶುಲ್ಕದ ನೋಟಿಸನ್ನು ಹೊಸ ಮನೆಯ ಬಾಗಿಲಿಗೇ ತಂದವನು ನೀರುಗಂಟಿ ಗಂಗಯ್ಯ. ನೀರು ಬಿಡುವುದು, ಕಂದಾಯ ಎತ್ತುವುದು, ನೋಟಿಸು ಹಂಚುವುದು ಎಲ್ಲ ಅವನದೇ. ಚಿಕ್ಕಪ್ಪ ಓದಿದರು, ತಿರುಗಿಸಿ ನೋಡಿದರು. ಇದು ಸೂರ್ಯಪ್ರಕಾಶನದೇ ಪಿತೂರಿ ಎಂದು ಮೂರೇ ಉಸಿರಿನಲ್ಲಿ ತೀರ್ಮಾನಿಸಿದರು. ಆಮೇಲೆ ಗಂಗಯ್ಯನನ್ನು ಕೇಳಿದರು, ಇದು ಮನೆ ಎಂದು ನಿನಗೆ ಯಾರು ಹೇಳಿದ್ದು?

ಗಂಗಯ್ಯ ಒಂದು ಹೆಜ್ಜೆ ಹಿಂದೆ ಸರಿದು ಕಟ್ಟಡವನ್ನು ಮೇಲಿಂದ ಕೆಳಕ್ಕೆ ನೋಡಿದ. "ಮತ್ತೇನ್ ಅಯ್ಯಾ ಇದು?"

ಚಿಕ್ಕಪ್ಪನೂ ತಿರುಗಿ ನೋಡಿದರು. ನಾನು ಬಾಗಿಲ ಸಂದಿಯಲ್ಲಿದ್ದೆ. ಅವರ ಮುಖದಲ್ಲಿ ಉತ್ತರ ಹುಟ್ಟಿದ್ದು ನನಗೆ ಕಂಡಿತು. ತಡೆಯುವಷ್ಟು ಹೊತ್ತಿರಲಿಲ್ಲ.

"ಕೊಬ್ಬರಿ ಶೆಡ್ಡು ಕಣಯ್ಯ."

"ಬಾಗ್ಲಲ್ಲಿ ಬಸವಣ್ಣನ್ ಕೆತ್ಸಿದ್ದೀರಿ."

"ಕಾಯಿಗೂ ದೇವರು ಬೇಕು ಕಣ್ಲಾ."

ಸಂಜೆ ಪಂಚಾಯಿತಿಗೆ ಅರ್ಜಿ ಬರೆಸಿದರು. ಎಂಟನೆಯ ಕ್ಲಾಸಿಗೇ ಶಾಲೆ ಬಿಟ್ಟರೂ ನನ್ನ ಅಕ್ಷರ ದುಂಡಗಿದೆಯೆಂದು ಮನೆಯ ಬರವಣಿಗೆ ನನ್ನದೇ. 'ಸದರಿ ಕಟ್ಟಡವು ಮನೆಯಂತೆ ಕಂಡರೂ ಮನೆಯಲ್ಲ' ಎಂದು ಅವರು ಹೇಳಿದರು, ನಾನು ಬರೆದೆ. ಮನೆಯಂತೆ ಕಂಡರೂ ಎಂಬುದನ್ನು ತೆಗೆದುಬಿಡಲಾ ಎಂದು ಮೆಲ್ಲಗೆ ಕೇಳಿದೆ. ಬೇಡ, ಅರ್ಜಿಯಲ್ಲಿ ಒಂದಿಷ್ಟು ಸತ್ಯವೂ ಇರಲಿ ಎಂದರು.

ಮಾರನೆಯ ದಿನ ಹಂಚಿದ ಕಾರ್ಡುಗಳನ್ನು ವಾಪಸು ತರಲು ಹೊರಟರು. ಅಚ್ಚಿನಲ್ಲಿ ತಪ್ಪಿದೆ, ತಿದ್ದಿಸಿ ಕೊಡುತ್ತೇನೆ ಎಂಬುದು ನೆಪ. ಕೊಟ್ಟ ಕಾರ್ಡು ಕಿತ್ತುಕೊಂಡವರನ್ನು ನಮ್ಮೂರು ಕಂಡಿರಲಿಲ್ಲ. ಮನೆಗೆ ದೋಷವಿದೆಯಂತೆ ಎಂದು ಒಬ್ಬರು, ಗಂಡ ಹೆಂಡಿರಿಗೆ ಆಗುವುದಿಲ್ಲವಂತೆ ಎಂದು ಇನ್ನೊಬ್ಬರು. ರಾಮಕ್ಕ ಮಾತ್ರ ಕಾರ್ಡು ಕೊಡಲಿಲ್ಲ. ಅದರ ಮೇಲೆ ಶಿವ ಪಾರ್ವತಿ ಇದ್ದಾರೆ, ಗೋಡೆಗೆ ಅಂಟಿಸಿದ್ದೇನೆ, ಕಿತ್ತರೆ ಪಾಪ ನಿಮಗೇ ಎಂದಳು. ಚಿಕ್ಕಪ್ಪ ಅಲ್ಲಿಂದ ಬಂದವರು, ಆ ಹೆಂಗಸು ಕಾರ್ಡನ್ನು ಸಾಕ್ಷಿಗೆಂದೇ ಇಟ್ಟುಕೊಂಡಿದ್ದಾಳೆ ಎಂದು ನಮ್ಮಪ್ಪನ ಹತ್ತಿರ ಪಿಸುಗುಟ್ಟಿದರು.

ಪಂಚಾಯಿತಿಯಿಂದ ಉತ್ತರ ಬಂತು: ಬುಧವಾರ ಸ್ಥಳ ಪರಿಶೀಲನೆ.

ಶೆಡ್ಡಾದ ಮೇಲೆ ಕಾಯಿ ಇರಬೇಕಲ್ಲ. ಮಂಗಳವಾರ ತೋಟದಲ್ಲಿ ಗುಡ್ಡೆ ಹಾಕಿದ್ದ ಐದು ಸಾವಿರ ಕಾಯಿ ಟ್ರ್ಯಾಕ್ಟರಿನಲ್ಲಿ ಬಂದವು. ನಡುಮನೆ, ಎರಡು ರೂಮು ತುಂಬಿದವು. ಪೂಜೆ ಕೋಣೆ ತುಂಬಿತು. ಹಸಿರು ಟೈಲ್ಸಿನ ಬಚ್ಚಲಲ್ಲಿ ಸೊಂಟದೆತ್ತರ ಕಾಯಿ ನಿಂತವು. ಗಾಜಿನ ಶೋಕೇಸಿನಲ್ಲಿ ಒಂದೊಂದು ಹಲಗೆಗೆ ಮೂರರಂತೆ ಜೋಡಿಸಿದೆವು. ಅಡಿಗೆಮನೆ ಬಾಗಿಲಿಗೆ ಚಿಕ್ಕಮ್ಮ ಅಡ್ಡ ನಿಂತಳು.

"ಇಲ್ಲಿಗ್ ಬ್ಯಾಡ."

"ನಾಳೆ ಸಾಯಂಕಾಲಕ್ಕೆ ತೆಗುಸ್ತೀನಿ ಕಣೇ," ಎಂದರು ಚಿಕ್ಕಪ್ಪ. "ಒಂದೇ ದಿವ್ಸ."

ಚಿಕ್ಕಮ್ಮ ಸರಿದು ನಿಂತಳು. ಕಾಯಿ ಒಳಗೆ ಹೋಗುವುದನ್ನು ಅವಳು ನೋಡಿದ ರೀತಿ ನೋಡಿ ಹೊತ್ತು ತರುತ್ತಿದ್ದವರೂ ಕಾಯಿಯನ್ನು ಸದ್ದಾಗದಂತೆ ಇಳಿಸತೊಡಗಿದರು.

ಪಿಡಿಒ ಮೇಡಂ ಬಂದರು. ವಯಸ್ಸು ಮೂವತ್ತು ದಾಟಿರಲಿಕ್ಕಿಲ್ಲ, ಮುಖದಲ್ಲಿ ನಗು ಇಲ್ಲ, ಸಿಟ್ಟೂ ಇಲ್ಲ. ಹಿಂದೆ ಗಂಗಯ್ಯ ಟೇಪು ಹಿಡಿದಿದ್ದ. ಕಾಯಿಗಳ ನಡುವೆ ಸೀರೆ ಎತ್ತಿ ಹಿಡಿದು ನಡೆದು ಎಲ್ಲ ನೋಡಿದರು. ಶೋಕೇಸು ಯಾಕೆಂದು ಕೇಳಿದರು. ಅದು ಬಿತ್ತನೆಗೆ ಆರಿಸಿದ ಕಾಯಿ, ಮರ್ಯಾದೆ ಹೆಚ್ಚು ಎಂದರು ಚಿಕ್ಕಪ್ಪ. ಬಚ್ಚಲಲ್ಲಿ ಗೀಸರಿಗೆ ಯಾಕೆ ವೈರು ಎಳೆದಿದೆ ಎಂದು ಕೇಳಿದರು.

"ಮಳೆಗಾಲದಲ್ಲಿ ಕಾಯಿಗೆ ಶೀತ ಆಯ್ತದೆ ಮೇಡಂ."

ಗಂಗಯ್ಯ ಕೆಮ್ಮಿದ. ಮೇಡಂ ಬರೆದುಕೊಂಡರು. ಹೊರಗೆ ಬಂದು, ಈ ಕಾಯಿ ಎಷ್ಟು ದಿನ ಇಲ್ಲೇ ಇರುತ್ತವೆ ಎಂದರು. ಇದು ಚಿಕ್ಕಪ್ಪನಿಗೆ ಗೊತ್ತಿದ್ದ ವಿಷಯ. ಪೂರ್ತಿ ಕೊಬ್ಬರಿ ಆಗಲು ಹನ್ನೊಂದು ತಿಂಗಳು ಬೇಕು, ಒಳಗಿನ ನೀರು ಬತ್ತಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಎನ್ನುವ ತನಕ ಇಟ್ಟ ಕಾಯಿಯನ್ನು ಕದಲಿಸುವಂತಿಲ್ಲ, ಕದಲಿಸಿದರೆ ಕೊಳೆಯುತ್ತದೆ, ಇದು ತಮಗೆ ತಮ್ಮ ಅಪ್ಪ ಹೇಳಿಕೊಟ್ಟದ್ದು, ಊರಿಗೆಲ್ಲ ತಾವು ಹೇಳಿಕೊಟ್ಟದ್ದು ಎಂದು ಎದೆ ಉಬ್ಬಿಸಿ ವಿವರಿಸಿದರು.

"ನಮ್ದೂ ಚಿಕ್ಕನಾಯಕನಹಳ್ಳಿ ಕಡೆ ತೋಟ ಇದೆ," ಎಂದರು ಮೇಡಂ. "ನೀವು ಹೇಳಿದ್ದು ಸರಿ. ಶೆಡ್ಡು ಅಂತಾನೇ ಬರ್ಕೋತೀನಿ. ಹನ್ನೊಂದು ತಿಂಗಳು ಬಿಟ್ಟು ಬಂದು ನೋಡ್ತೀನಿ. ಅಷ್ಟರೊಳಗೆ ಕಾಯಿ ಜರುಗಿದ್ರೆ ಮನೆ, ದಂಡ ಸೇರಿ. ಮತ್ತೆ, ಶೆಡ್ಡಿಗೆ ನಲ್ಲಿ ಕೊಡೋದಿಲ್ಲ."

ದಿನಾ ಟ್ಯಾಂಕಿನ ವಾಲ್ವು ತಿರುಗಿಸಲು ಬಂದಾಗ ಕಿಟಕಿಯಲ್ಲಿ ಒಮ್ಮೆ ಇಣುಕು ಎಂದು ಗಂಗಯ್ಯನಿಗೆ ಹೇಳಿ ಸ್ಕೂಟಿ ಹತ್ತಿದರು.

ಸಂಜೆ ಚಿಕ್ಕಮ್ಮ ಅಡಿಗೆಮನೆಯ ಕಾಯಿಗೆ ಕೈ ಹಾಕಿದಾಗ ಚಿಕ್ಕಪ್ಪನೇ ತಡೆದರು. ಕದಲಿಸಿದರೆ ದಂಡ, ಜೊತೆಗೆ ಬೆಳೆ ಹಾಳು. ಗೃಹಪ್ರವೇಶ ಮುಂದಿನ ವರ್ಷ ಎಂದರು. ಚಿಕ್ಕಮ್ಮ ಅವರ ಜೊತೆ ಮಾತು ಬಿಟ್ಟಳು. ಊಟಕ್ಕೆ ಕರೆಯುವುದೂ ನನ್ನ ಮೂಲಕವೇ. "ನಿಮ್ ಚಿಕ್ಕಪ್ಪನ್ ಕೇಳವ್ವ, ಇನ್ನೊಂದ್ ಮುದ್ದೆ ಬೇಕಾ, ಇಲ್ಲ ಅದೂ ಹನ್ನೊಂದ್ ತಿಂಗ್ಳು ಬಿಟ್ಟಾ ಅಂತ."

ಚಿಕ್ಕಪ್ಪ ಹೊಸ ಮನೆಗೆ ದೊಡ್ಡ ಬೀಗ ಹಾಕಿ, ಎದುರಿನ ಕಲ್ಲಿನ ಮೇಲೆ ಕಾವಲು ಕೂತರು. ಗಂಗಯ್ಯ ಬಂದು ಕಿಟಕಿಯಲ್ಲಿ ಇಣುಕುವನು. ಗಂಗಯ್ಯ ಏನು ಇಣುಕಿದ ಎಂದು ಅವನು ಹೋದ ಮೇಲೆ ಚಿಕ್ಕಪ್ಪ ಇಣುಕುವರು. ಚಿಕ್ಕಪ್ಪ ಯಾಕೆ ಇಣುಕುತ್ತಾರೆ ಎಂದು ಬೀದಿಯವರು ನೋಡುವರು. ಒಂದು ವಾರದಲ್ಲಿ ಊರಿಗೆಲ್ಲ ಅನುಮಾನ ಹತ್ತಿತು. ಹೊಸ ಮನೆಯನ್ನೇ ಬಿಟ್ಟುಕೊಟ್ಟು ಕಾಯಿ ತುಂಬಿ ಬೀಗ ಹಾಕಿ ಕಾಯುತ್ತಾನೆ ಎಂದರೆ ಕೊಬ್ಬರಿ ರೇಟು ಆಕಾಶಕ್ಕೆ ಏರುತ್ತದೆ, ತಿಪಟೂರು ಮಾರ್ಕೆಟ್ಟಿನಲ್ಲಿ ಇವನಿಗೆ ಯಾರೋ ಕಿವಿಯಲ್ಲಿ ಹೇಳಿದ್ದಾರೆ ಎಂದು ಮಾತಾಯಿತು. ಕಾಯಿ ಮಾರುವುದನ್ನು ನಾಲ್ಕು ಮನೆಯವರು ನಿಲ್ಲಿಸಿಯೇ ಬಿಟ್ಟರು.

ಗುಟ್ಟು ಹಿಡಿದವನು ಆಂಜನಪ್ಪ. ಅವನೂ ಊರ ಮುಂದೆ ಮನೆ ಕಟ್ಟಿಸುತ್ತಿದ್ದ. ರೇಟಿನ ಸುದ್ದಿ ಬಿಡಿಸಲು ಬಂದು ಚಿಕ್ಕಪ್ಪನ ಪಕ್ಕ ಕಲ್ಲಿನ ಮೇಲೆ ಕೂತ. ಬೀಡಿ ಕೊಟ್ಟ. ಚಿಕ್ಕಪ್ಪ ಬೀಡಿಯನ್ನು ಮೂಸಿ ನೋಡಿ ಕಿವಿಗೆ ಸಿಕ್ಕಿಸಿಕೊಂಡರು, ಬಾಯಿ ಬಿಡಲಿಲ್ಲ. ಆದರೆ ಆಂಜನಪ್ಪನಿಗೂ ಅಭಿವೃದ್ಧಿ ಶುಲ್ಕದ ನೋಟಿಸು ಬಂದಿತ್ತು. ಕಿಟಕಿಯಲ್ಲಿ ಶೋಕೇಸು ಕಂಡಿತು. ಅವನು ಎದ್ದು ಹೋದ. ಮಾರನೆಯ ದಿನವೇ ಅವನ ಅಂಗಳಕ್ಕೆ ಒಂದು ಟ್ರ್ಯಾಕ್ಟರು ಕಾಯಿ ಬಂತು.

ಆಮೇಲೆ ಊರಿನಲ್ಲಿ ಯಾರೂ ಮನೆ ಕಟ್ಟಲಿಲ್ಲ. ಆಷಾಢ ಮುಗಿಯುವುದರೊಳಗೆ ಒಂಬತ್ತು ಕೊಬ್ಬರಿ ಶೆಡ್ಡು ಎದ್ದವು. ಒಂದಕ್ಕೆ ಬಾಲ್ಕನಿ ಇತ್ತು. ಒಂದರ ಮೇಲೆ ಡಿಶ್ ಆಂಟೆನಾ ಇತ್ತು. ಎಲ್ಲರಿಗೂ ಎಲ್ಲ ಗೊತ್ತಿತ್ತು, ಯಾರೂ ಹೇಳುವಂತಿರಲಿಲ್ಲ. ರಾತ್ರಿ ಮಲಗುವವರು ಬೆಳಗ್ಗೆ ಎದ್ದು, ಕಾಯಿಗೆ ಕಾವಲಿದ್ದೆವು ಎನ್ನುತ್ತಿದ್ದರು. ಕಾವಲಿಗೆ ಹೆಂಡತಿ ಮಕ್ಕಳೂ ಮಿಕ್ಸಿಯೂ ಬರುತ್ತಿದ್ದವು. ನೀರನ್ನು ಪಕ್ಕದವರ ನಲ್ಲಿಗೆ ಪೈಪು ಹಾಕಿ ಎಳೆದುಕೊಳ್ಳುತ್ತಿದ್ದರು. ದಿನ ಬಿಟ್ಟು ದಿನ ಬರುತ್ತಿದ್ದ ನೀರು ನಾಲ್ಕು ದಿನಕ್ಕೊಮ್ಮೆ ಆಯಿತು.

ಶುಲ್ಕ ಕೊಟ್ಟವರು ಸೂರ್ಯಪ್ರಕಾಶ್ ಒಬ್ಬರೇ. ನಲವತ್ತು ಸೈಟಿನದೂ ಒಟ್ಟಿಗೆ ಕಟ್ಟಿದರು. ಅವರೇನು ಧರ್ಮಾತ್ಮರಲ್ಲ, ಅದನ್ನು ಸೈಟಿನ ಬೆಲೆಗೆ ಸೇರಿಸಿ ಕೊಳ್ಳುವವರ ತಲೆಯ ಮೇಲೇ ಹಾಕಿದ್ದರು. ಆದರೆ ಆ ದುಡ್ಡಿನಲ್ಲಿ ಪಂಚಾಯಿತಿಯವರು ಹೊಸ ಬೋರು ಕೊರೆಸಿದರು. ನೀಲಿ ಪೈಪು ಚಿಕ್ಕಪ್ಪನ ಶೆಡ್ಡಿನ ಮುಂದೆಯೇ ಹಾದು ಲೇಔಟಿಗೆ ಹೋಯಿತು. ಚಿಕ್ಕಪ್ಪ ಕಲ್ಲಿನ ಮೇಲೆ ಕೂತು, ಪೈಪಿಗೆ ಕಿವಿ ಇಟ್ಟು, ಒಳಗೆ ನಿಜವಾಗಿ ನೀರು ಹೋಗುತ್ತಿದೆಯೋ ಇಲ್ಲವೋ ಎಂದು ಕೇಳಿಸಿಕೊಂಡರು. ಹೋಗುತ್ತಿತ್ತು.

ಶ್ರಾವಣದ ಮೂರನೆಯ ಸೋಮವಾರ ಬಂತು. ಬೆಳಗ್ಗೆ ಚಿಕ್ಕಪ್ಪ ಸ್ನಾನಕ್ಕೆ ಹೋದಾಗ ಚಿಕ್ಕಮ್ಮ ಅವರ ಅಂಗಿಯ ಜೇಬಿನಿಂದ ಬೀಗದ ಕೈ ತೆಗೆದಳು. ಹೊಸ ಸೀರೆ ಉಟ್ಟಿದ್ದಳು. ಹಣೆಗೆ ವಿಭೂತಿ, ಕೈಯಲ್ಲಿ ಹಾಲಿನ ತಂಬಿಗೆ. ನನ್ನ ಕೈಗೆ ಮಡಕೆ, ಮೂರು ಇಟ್ಟಿಗೆ, ಒಂದು ಹೊರೆ ಒಣಗರಿ ಕೊಟ್ಟು, ಬಾ ಮಗಾ ಎಂದಳು.

ಒಂದು ಕಾಯಿಯನ್ನೂ ಅವಳು ಕದಲಿಸಲಿಲ್ಲ. ಅಡಿಗೆಮನೆಯ ಬಾಗಿಲ ಹತ್ತಿರ ಒಂದು ಮೊಳ ಖಾಲಿ ನೆಲವಿತ್ತು. ಅಲ್ಲೇ ಇಟ್ಟಿಗೆ ಹೂಡಿ, ಗರಿಗೆ ಬೆಂಕಿ ಕೊಟ್ಟು, ಮಡಕೆಗೆ ಹಾಲು ಸುರಿದಳು. ಗರಿ ಪೂರ್ತಿ ಒಣಗಿರಲಿಲ್ಲ. ಹೊಗೆ ಎದ್ದಿತು. ಕಿಟಕಿಯಿಂದ ಹೊರಗೆ ಹೋಯಿತು. ಚಿಕ್ಕಪ್ಪನಿಗೆ ಕಂಡಿತು.

ಅವರು ಟವೆಲ್ಲಿನಲ್ಲೇ ಬೀದಿಗೆ ಬಂದು, ಸೂರ್ಯಪ್ರಕಾಶ ಶೆಡ್ಡಿಗೆ ಬೆಂಕಿ ಇಡಿಸಿದ ಎಂದು ಕೂಗಿಕೊಂಡರು. ಊರೆಲ್ಲ ಬಿಂದಿಗೆ ಹಿಡಿದು ಓಡಿಬಂತು. ಬಂದು ನಿಂತ ಮೇಲೆ ನೋಡಿದರೆ ಎಲ್ಲ ಬಿಂದಿಗೆಯೂ ಖಾಲಿ. ಅದು ನೀರು ಬಿಡುವ ದಿನವಾಗಿರಲಿಲ್ಲ. ತುಂಬಿದ ಕೊಡ ತಂದವರು ಲೇಔಟಿನವರು ಮಾತ್ರ. ಎಲ್ಲರಿಗಿಂತ ಮುಂದೆ, ಎರಡು ಬಕೆಟ್ ತುಂಬಿಕೊಂಡು, ಬೂಟು ನೆನೆಸಿಕೊಂಡು ಓಡಿಬಂದವರು ಸೂರ್ಯಪ್ರಕಾಶ್. ಚಿಕ್ಕಪ್ಪ ಅವರ ಬಕೆಟ್ಟಿನಲ್ಲಿ ಬೆರಳದ್ದಿ, ಸೀಮೆಎಣ್ಣೆ ಅಲ್ಲವೆಂದು ಮೂಸಿ ನೋಡಿ ಒಳಗೆ ಬಿಟ್ಟರು.

ಅಷ್ಟರಲ್ಲಿ ಗಂಗಯ್ಯ ಫೋನು ಮಾಡಿದ್ದರಿಂದ ಪಂಚಾಯಿತಿಯಿಂದ ಮೇಡಂ ಸ್ಕೂಟಿಯಲ್ಲಿ ಬಂದಿಳಿದರು. ಎಲ್ಲರೂ ಅಡಿಗೆಮನೆ ಬಾಗಿಲಿಗೆ ನುಗ್ಗಿದರು. ಚಿಕ್ಕಮ್ಮ ತಿರುಗಿ ನೋಡಲಿಲ್ಲ. ಅವಳ ಕಣ್ಣು ಮಡಕೆಯ ಮೇಲಿತ್ತು. ಚಿಕ್ಕಪ್ಪ ಟವೆಲ್ಲು ಬಿಗಿಮಾಡಿಕೊಂಡು ಮೇಡಂ ಮುಂದೆ ನಿಂತರು.

"ಕಾಯಿಗೆ ಹೊಗೆ ಕೊಡ್ತಿದ್ದೀವಿ ಮೇಡಂ. ಬಿರ್ರನೆ ಒಣಗ್ಲಿ ಅಂತ."

ಮೇಡಂ ತಲೆಯಾಡಿಸಿದರು. ಹೊಗೆ ಕೊಡುವುದು ಉಂಟು, ಅವರ ತೋಟದಲ್ಲೂ ಕೊಡುತ್ತಾರೆ. ಚಿಕ್ಕಪ್ಪನ ಮುಖ ಅರಳಿತು. ಅದೇ ಹೊತ್ತಿಗೆ ಹಾಲು ಉಕ್ಕಿತು. ಬಿಳಿಯ ನೊರೆ ಮಡಕೆಯ ಬಾಯಿ ದಾಟಿ, ಇಟ್ಟಿಗೆ ತೋಯಿಸಿ, ಹತ್ತಿರದ ನಾಲ್ಕು ಕಾಯಿಯ ಬುಡಕ್ಕೆ ಹರಿಯಿತು. ಹಿಂದಿನಿಂದ ರಾಮಕ್ಕನ ದನಿ ಬಂತು.

"ಸರಿಯಾಗ್ ಒಂಬತ್ ಕಾಲು. ಕಾರ್ಡಲ್ಲಿ ಇದೇ ಟೈಮ್ ಹಾಕ್ಸಿದ್ರು. ನಾನು ಬೆಂಕಿಗ್ ಬಂದಿಲ್ಲ ಕಣ್ರಪ್ಪ, ಗೃಹಪ್ರವೇಶಕ್ ಬಂದಿವ್ನಿ." ಅವಳ ಕೈಯಲ್ಲಿ ಎಲೆ ಅಡಿಕೆ, ಒಂದು ಸ್ಟೀಲಿನ ಡಬ್ಬಿ ಇತ್ತು.

ಚಿಕ್ಕಮ್ಮ ಎದ್ದು ಸೆರಗಿನಿಂದ ಕೈ ಒರೆಸಿಕೊಂಡಳು. ಎರಡು ತಿಂಗಳಲ್ಲಿ ಚಿಕ್ಕಪ್ಪನ ಎದುರು ಅವಳು ನನ್ನ ಮೂಲಕವಲ್ಲದೆ ಆಡಿದ ಮೊದಲ ಮಾತು ಅದು.

"ಮನೆ ಅಂತ ಬರ್ಕೊಳ್ಳಿ ಮೇಡಂ. ಹಾಲು ಉಕ್ಕಿದ್ ಜಾಗನ ಶೆಡ್ಡು ಅನ್ನಕ್ಕೆ ನನ್ ಬಾಯಿ ಬರಲ್ಲ. ಕಾಯಿ ನಲ್ಲಿ ನೀರ್ ಕುಡಿಯಲ್ಲ, ನಾನ್ ಕುಡೀತೀನಿ. ಕುಡಿಯೋದಕ್ ಶುಲ್ಕಾನೂ ಕೊಡ್ತೀನಿ. ಡೈರಿಗ್ ಹಾಲ್ ಹಾಕಿದ್ ದುಡ್ಡೈತೆ."

ಚಿಕ್ಕಪ್ಪ ದಂಡದ ವಿಷಯ ಎತ್ತಿದರು. ಇದು ಮನೆಯಾದದ್ದು ಈಗ ತಾನೆ, ಒಂಬತ್ತು ಕಾಲಿಗೆ, ಅದಕ್ಕೆ ಮೊದಲಿನ ದಂಡ ಎಲ್ಲಿಂದ ಬರಬೇಕು ಎಂದರು ಮೇಡಂ. ಅವರು ನಕ್ಕದ್ದನ್ನು ನಮ್ಮೂರು ಅಂದೇ ಮೊದಲು ಕಂಡದ್ದು. ಆಂಜನಪ್ಪನೂ ಬಾಲ್ಕನಿಯವರೂ ಮಾತ್ರ ಖಾಲಿ ಬಿಂದಿಗೆಗಳನ್ನು ಹೊಟ್ಟೆಗೆ ಒತ್ತಿಕೊಂಡು, ಒಬ್ಬೊಬ್ಬರಾಗಿ ಹಿಂದಕ್ಕೆ ಸರಿದರು. ರಾಮಕ್ಕ ಹೋಗಲಿಲ್ಲ. ಡೈರಿ ದುಡ್ಡಿರುವವರು ಕೊಡುತ್ತಾರೆ, ತಗಡಿನವಳು ಏನು ಮಾಡಬೇಕು ಎಂದು ಮೇಡಂ ಅವರನ್ನೇ ಕೇಳಿದಳು. ಮುಂದಿನ ಗ್ರಾಮಸಭೆಯಲ್ಲಿ ಕೇಳಿ, ನಾನು ಬರೆಸುತ್ತೇನೆ ಎಂದರು ಮೇಡಂ. ಈ ಸಲ ಅವಳನ್ನು ಕೂರಿಸಲು ಚಿಕ್ಕಪ್ಪನಿಗೆ ಬಾಯಿರಲಿಲ್ಲ.

ನಲ್ಲಿ ಬಂದಿದೆ. ಕಾಯಿಗಳು ಇನ್ನೂ ಅಲ್ಲೇ ಇವೆ, ಕದಲಿಸುವಂತಿಲ್ಲವಲ್ಲ. ಚಿಕ್ಕಪ್ಪ ಚಿಕ್ಕಮ್ಮ ಐದು ಸಾವಿರ ಕಾಯಿಯ ನಡುವೆ ಉಳಿದ ಕಾಲುದಾರಿಯಲ್ಲೇ ಸಂಸಾರ ಮಾಡುತ್ತಿದ್ದಾರೆ. ಸ್ನಾನಕ್ಕೆ ನಮ್ಮ ಮನೆಗೆ ಬರುತ್ತಾರೆ.

ಶುಲ್ಕ ಕಟ್ಟಿದ ರಸೀದಿಯನ್ನು ಚಿಕ್ಕಪ್ಪ ಬೆಳಕಿಗೆ ಹಿಡಿದು ನೋಡಿ, ಶೋಕೇಸಿನಲ್ಲಿ ಬಿತ್ತನೆ ಕಾಯಿಯ ಪಕ್ಕ ನಿಲ್ಲಿಸಿದ್ದಾರೆ. ಅಂದಿನಿಂದ ಅವರಿಗೆ ಹೊಸ ಕೆಲಸ. ಕಾವಲಿನ ಕಲ್ಲನ್ನು ಆಂಜನಪ್ಪನ ಶೆಡ್ಡು ಕಾಣುವಂತೆ ತಿರುಗಿಸಿ ಹಾಕಿಕೊಂಡಿದ್ದಾರೆ. ಮೊನ್ನೆ ನಾನು ಹೋದಾಗ ಊಟಕ್ಕೆ ಕೂತವರು ಮೂಗರಳಿಸಿದರು.

"ಆಂಜನಪ್ಪನ್ ಶೆಡ್ಡಿಂದ ಒಗ್ಗರಣೆ ವಾಸ್ನೆ ಬತ್ತೈತೆ ಕಣ್ ಮಗಾ. ಒಂದ್ ಅರ್ಜಿ ಬರಿ."

ನಾನು ಸಾರಿನ ಪಾತ್ರೆಯನ್ನು ಅವರ ಕಡೆ ಸರಿಸಿದೆ. ಅವರು ಸಾರು ಸುರಿದುಕೊಂಡು ಒಂದು ತುತ್ತು ಬಾಯಿಗಿಟ್ಟು, ಅನುಮಾನದಿಂದ ನಾಲಿಗೆ ಚಪ್ಪರಿಸಿದರು. ಉಪ್ಪು ಕಮ್ಮಿಯಾಗಿದೆ, ಬೇಕೆಂದೇ ಹಾಕಿಲ್ಲ ಎಂದರು. ಎಲ್ಲಿದೆ ಉಪ್ಪು ಎಂದು ಕೇಳಿದರು.

ಚಿಕ್ಕಮ್ಮ ಒಲೆಯ ಕಡೆಯಿಂದ ತಿರುಗಲೂ ಇಲ್ಲ.

"ಇಟ್ ಜಾಗದಲ್ಲೇ ಐತೆ."